ಶುಕ್ರವಾರದ ಸೀಯಾಳ

ನನ್ನ ಅಂಗಿಯ ಜೇಬಿನಲ್ಲಿ ಸದಾ ಇರುವೆಗಳಿರುತ್ತವೆ. ಅದು ದಾರಿದ್ರ್ಯದ ಲಕ್ಷಣವೂ ಅಲ್ಲ, ಅಶುಚಿತ್ವದ ಲಕ್ಷಣವೂ ಅಲ್ಲ, ಬೆಲ್ಲದ ಲಕ್ಷಣ. ಸಕ್ಕರೆ ಕಾಯಿಲೆಯೊಡನೆ ಬಹುಕಾಲದಿಂದ ಸಂಸಾರ ಮಾಡಿಕೊಂಡಿರುವ ನನಗೆ, ಸಕ್ಕರೆ ಹೆಚ್ಚಾಗುವುದು ಮಾತ್ರ ಕಾಯಿಲೆ, ಕಡಿಮೆಯಾಗುವುದು ಆರೋಗ್ಯ ಎಂಬ ನಂಬಿಕೆ ಇತ್ತು. ಒಂದು ಏಕಾದಶಿಯ ಮಧ್ಯಾಹ್ನ ಆ ನಂಬಿಕೆ ಹರಿದುಹೋಯಿತು. ಬೆಳಗ್ಗೆ ಮಾತ್ರೆ ನುಂಗಿ, ಉಪವಾಸವಿದ್ದು ಜಪಕ್ಕೆ ಕುಳಿತಿದ್ದೆ. ಮೈ ಬೆವರಿತು, ಕೈ ನಡುಗಿತು, ಒಂದೊಂದು ಜಪಮಣಿಯೂ ಎರಡೆರಡಾಗಿ ಕಾಣತೊಡಗಿತು. ಜೀವಮಾನದ ಸಾಧನೆ ಫಲಿಸಿ ಭಗವಂತನ ಸಾಕ್ಷಾತ್ಕಾರವಾಗುತ್ತಿದೆಯೆಂದು ಭಕ್ತಿಯಿಂದ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಸಾಕ್ಷಾತ್ಕಾರವಾದದ್ದು ಹೆಂಡತಿಯದು. ಅವಳು ನನ್ನ ಬಾಯಿಗೆ ಬೆಲ್ಲದ ನೀರು ಸುರಿಯುತ್ತಿದ್ದಳು.

"ಎಂತ ಮಾರಾಯ್ರೆ, ಅವನು ಕರೆಯುವ ಮೊದಲೇ ಹೊರಟದ್ದಾ?"

ಅಂದಿನಿಂದ ನನ್ನ ಜೇಬಿಗೆ ಬೆಲ್ಲದ ತುಂಡೊಂದು ಬಂತು. ಬೆಲ್ಲದ ಹಿಂದೆಯೇ ಇರುವೆಗಳು ಬಂದವು. ಸೊಸೆ ಕಾಸರಗೋಡಿನಿಂದ ಬೆರಳು ಚುಚ್ಚಿ ಸಕ್ಕರೆ ನೋಡುವ ಒಂದು ಯಂತ್ರ ತಂದಳು. ಅದು ತೋರಿಸುವ ಅಂಕವನ್ನು ಹೆಂಡತಿ ಹಾಲು ತರುವವರಿಂದ ಹಿಡಿದು ಹೂವು ಕೊಯ್ಯುವವರ ತನಕ ಎಲ್ಲರಿಗೂ ಹೇಳಿದಳು. ಈಗ ನಾನು ಬಸ್ಸು ಹತ್ತಿದರೆ ಕಂಡಕ್ಟರ್ "ಮಾಷ್ಟ್ರೇ, ಇವತ್ತು ಎಷ್ಟು?" ಎಂದು ಕೇಳುವುದು ಟಿಕೇಟಿನ ವಿಷಯವನ್ನಲ್ಲ. ಊರಿನಲ್ಲಿ ನನ್ನ ಸಂಸ್ಕೃತ ಪಾಂಡಿತ್ಯದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ನನ್ನ ಶುಗರಿನ ಬಗ್ಗೆ ಇಲ್ಲ.

ಸರಕಾರಿ ಶಾಲೆಯ ಸಂಸ್ಕೃತ ಅಧ್ಯಾಪಕನಾಗಿ ನಿವೃತ್ತನಾದ ಮೇಲೆ, ಊರ ದೇವಿಯ ಸನ್ನಿಧಿಯಲ್ಲಿ ಬೆಳಗಿನ ಪಾರಾಯಣ ಮತ್ತು ಪುರಾಣ ಪ್ರವಚನ ನನ್ನ ಪಾಲಿಗೆ ಬಂದ ಸೇವೆ. ಗಂಡಸರು ಅಂಗಿ ಕಳಚಿಯೇ ಒಳಗೆ ಹೋಗಬೇಕೆಂಬುದು ನಮ್ಮ ಕಡೆಯ ದೇವಸ್ಥಾನಗಳ ಕ್ರಮ. ಹೊರಬಾಗಿಲಿನ ಜಗಲಿಯ ಗೂಟಕ್ಕೆ ಅಂಗಿಯನ್ನು ಸಿಕ್ಕಿಸಿ, ಶಾಲು ಹೊದ್ದು, ಬರಿಮೈಯಲ್ಲಿ ಅಂಗಳ ದಾಟಿ ಹೋಗಿ ಕುಳಿತುಕೊಳ್ಳುತ್ತೇನೆ. ಅಂಗಿ ಹೊರಗೆ ಉಳಿದರೆ ಜೇಬಿನ ಬೆಲ್ಲವೂ ಹೊರಗೆ ಉಳಿಯುತ್ತದೆ ಎಂಬ ಸರಳವಾದ ತರ್ಕ, ತರ್ಕಶಾಸ್ತ್ರವನ್ನು ಓದಿದ ನನಗೆ ಹೊಳೆದಿರಲಿಲ್ಲ.

ಅದೇ ಸನ್ನಿಧಿಯಲ್ಲಿ ಇನ್ನೊಬ್ಬಳ ಸೇವೆಯೂ ನಡೆಯುತ್ತಿತ್ತು. ಅಂಗಳ ಗುಡಿಸಿ, ಅಡಿಗೆಯ ಕೊಪ್ಪರಿಗೆಗಳನ್ನೂ ಊಟದ ಪಾತ್ರೆಗಳನ್ನೂ ತೊಳೆಯುವ ಹೆಂಗಸು ಅವಳು. ಗುಡ್ಡದಾಚೆಯ ಕಾಲನಿಯವಳು, ಗಂಡ ಇಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಮಾತ್ರ. ನಾನು ಬಂದು ಕುಳಿತುಕೊಳ್ಳುವಷ್ಟರಲ್ಲಿ ಅವಳ ಹಿಡಿಸೂಡಿ ಇಡೀ ಅಂಗಳಕ್ಕೆ ಪ್ರದಕ್ಷಿಣೆ ಬಂದಿರುತ್ತಿತ್ತು. ಅವಳಿಗೂ ಸಕ್ಕರೆ ಕಾಯಿಲೆ ಇತ್ತು. ತಿಂಗಳಿಗೊಮ್ಮೆ ನಾವಿಬ್ಬರೂ ಆರೋಗ್ಯ ಕೇಂದ್ರದ ಒಂದೇ ಕಿಟಕಿಯ ಎದುರು ನಿಂತು ಒಂದೇ ಬಣ್ಣದ ಮಾತ್ರೆಗಳನ್ನು ತರುತ್ತಿದ್ದೆವು. ಕೊಡುವವರಲ್ಲಿ ಭೇದವಿರಲಿಲ್ಲ, ಮಾತ್ರೆಯಲ್ಲೂ ಭೇದವಿರಲಿಲ್ಲ. ಭೇದವಿದ್ದದ್ದು ಮಾತ್ರೆಯ ಅನಂತರ. ನನ್ನ ಮಾತ್ರೆಯ ಹಿಂದೆ ದೋಸೆ ಬರುತ್ತಿತ್ತು. ಅವಳ ಮಾತ್ರೆಯ ಹಿಂದೆ ಅಂಗಳ ಬರುತ್ತಿತ್ತು.

ಊಟಕ್ಕೆ ಮೊದಲು ತೆಗೆದುಕೊಳ್ಳಬೇಕು, ಒಂದು ದಿನವೂ ಬಿಡಬಾರದು ಎಂದು ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದ್ದರು. ಅವಳು ಅದನ್ನು ಗುರೂಪದೇಶದಂತೆ ಪಾಲಿಸುತ್ತಿದ್ದಳು. ಬೆಳಗಾಗುತ್ತಲೇ ಮಾತ್ರೆ, ಅದರ ಮೇಲೆ ಸಕ್ಕರೆಯಿಲ್ಲದ ಕಪ್ಪು ಚಹಾ. ಹಿಂದಿನ ರಾತ್ರಿಯ ಅನ್ನ ಉಳಿದಿದ್ದರೆ ಅದು ಅತ್ತೆಗೆ. ಅವಳ ಪಾಲಿನ ಊಟ ದೇವಸ್ಥಾನದ್ದು: ಮಹಾಪೂಜೆಯಾಗಿ, ಊರವರ ಪಂಕ್ತಿಗಳು ಒಂದಾದ ಮೇಲೊಂದು ಎದ್ದು, ಬಡಿಸಿದವರು ಉಂಡು, ಪಾತ್ರೆಗಳೆಲ್ಲ ಅವಳ ಎದುರು ಬಂದು ಬಿದ್ದ ಮೇಲೆ, ಅವುಗಳ ಪೈಕಿ ಒಂದರ ತಳದಲ್ಲಿ ಇರುತ್ತಿತ್ತು. ಸಕ್ಕರೆ ಬಿಡು ಎಂದು ಸಿಸ್ಟರ್ ಹೇಳಿದ್ದರು, ಬಿಟ್ಟಿದ್ದಳು. ಬೆಳಗಿನ ಊಟ ಬಿಡು ಎಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿಯೇ ಬಿಟ್ಟುಹೋಗಿತ್ತು.

ಕಳೆದ ಸೋಣ ತಿಂಗಳ ಮೊದಲ ಶುಕ್ರವಾರದ ಮಾತು. ಸೋಣ ಎಂದರೆ ಸಿಂಹಮಾಸ. ಆ ತಿಂಗಳ ಶುಕ್ರವಾರಗಳಲ್ಲಿ ನಮ್ಮ ದೇವಿಗೆ ವಿಶೇಷ ಪೂಜೆ, ಬಂದವರಿಗೆಲ್ಲ ಊಟ, ಅವಳಿಗೆ ಎರಡು ಪಟ್ಟು ಕೆಲಸ. ನಾನು ಅಂಗಳದ ಬದಿಯ ಜಗಲಿಯಾದ ಚಂದ್ರಶಾಲೆಯಲ್ಲಿ ಕುಳಿತು, ದೇವಿಯು ಅಸುರಸೇನೆಯನ್ನು ಎದುರಿಸುವ ಸಂದರ್ಭವನ್ನು ವಿಸ್ತಾರವಾಗಿ ವರ್ಣಿಸುತ್ತಿದ್ದೆ. ಬಾವಿಕಟ್ಟೆಯ ಬಳಿ ಒಂದು ಕೊಪ್ಪರಿಗೆ ಉರುಳಿದ ಸದ್ದಾಯಿತು. ತಿರುಗಿ ನೋಡಿದರೆ ಆ ಹೆಂಗಸು ನಿಂತಲ್ಲೇ ಗಡಗಡ ನಡುಗುತ್ತಿದ್ದಾಳೆ. ಬೆವರು ಧಾರೆಧಾರೆಯಾಗಿ ಇಳಿಯುತ್ತಿದೆ. ದೃಷ್ಟಿ ಎಲ್ಲಿಯೋ ನೆಟ್ಟಿದೆ. ಏನಾಯಿತೆಂದು ಕೇಳಲು ಬಂದ ಮೊಕ್ತೇಸರರನ್ನು ಆಕೆ ದುರುಗುಟ್ಟಿ ನೋಡಿದಳು.

"ನೀನು ಯಾರು? ಎಂತ ನೋಡುವುದು? ಹೋಗು ಅತ್ಲಾಗಿ!"

ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಈ ಮೊಕ್ತೇಸರರು ನನ್ನ ಬಾಲ್ಯದ ಸಹಪಾಠಿ. ಅವರ ತಾಯಿ ತೀರಿಕೊಂಡ ಮೇಲೆ ಅವರನ್ನು ಹೀಗೆ ಗದರಿಸಿದವರು ಊರಿನಲ್ಲಿ ಯಾರೂ ಇರಲಿಲ್ಲ. ಪಾತ್ರೆ ತೊಳೆಯುವ ಹೆಂಗಸಂತೂ ಅವರ ಎದುರು ತಲೆಯೆತ್ತಿದ್ದನ್ನೇ ಯಾರೂ ಕಂಡಿರಲಿಲ್ಲ. ಆದುದರಿಂದ ಇದು ಮನುಷ್ಯರ ಮಾತಲ್ಲ ಎಂಬುದು ಅವರಿಗೆ ತತ್‌ಕ್ಷಣ ಖಚಿತವಾಯಿತು.

"ದರ್ಶನ! ದೇವಿ ಬಂದಿದ್ದಾಳೆ! ದೀಪ ತನ್ನಿ, ಗಂಟೆ ಬಾರಿಸಿ!"

ಮೈಮೇಲೆ ದೇವಿಯೋ ದೈವವೋ ಬರುವುದು ನಮ್ಮ ಸೀಮೆಗೆ ಹೊಸತಲ್ಲ. ಬಂದಾಗ ಹೇಗೆ ನಡೆದುಕೊಳ್ಳಬೇಕೆಂಬುದು ಎಲ್ಲರಿಗೂ ರೂಢಿಯಿಂದ ತಿಳಿದದ್ದೇ. ದೀಪ ಹಿಡಿದು ಕೈಮುಗಿದರು. ಕೊನೆಗೆ ಶಾಂತಳಾಗಲೆಂದು ಒಂದು ಸೀಯಾಳವನ್ನು ಕೆತ್ತಿ ಎಳನೀರು ಕುಡಿಸಿದರು, ಎರಡು ಬಾಳೆಹಣ್ಣು ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ನಡುಕ ನಿಂತಿತು. ಆಕೆ ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿ, "ಎಂತಾಯ್ತು ನಂಗೆ?" ಎಂದಳು. ದರ್ಶನ ಇಳಿದವರೆಲ್ಲರೂ ಕೇಳುವುದು ಅದನ್ನೇ. ಇದ್ದ ಅಲ್ಪಸ್ವಲ್ಪ ಸಂದೇಹವೂ ಆ ಪ್ರಶ್ನೆಯಿಂದ ಪರಿಹಾರವಾಯಿತು.

ಎರಡನೆಯ ಶುಕ್ರವಾರವೂ ಹಾಗೆಯೇ ಆಯಿತು. ಅದೇ ಹೊತ್ತು, ಅದೇ ನಡುಕ, ಅದೇ ಸೀಯಾಳ. ಮೂರು ದಿನಗಳಲ್ಲಿ ಆಕೆಯ ಸ್ಥಾನಮಾನವೇ ಬದಲಾಯಿತು. "ಓಯ್, ಇಲ್ಲಿ ಬಾ" ಎಂದು ಕರೆಯುತ್ತಿದ್ದವರೆಲ್ಲ "ಅಮ್ಮ" ಎನ್ನತೊಡಗಿದರು. ಕೂರಲು ಒಂದು ಮಣೆ ಬಂತು. ಯಾರೋ ಕೆಂಪು ಸೀರೆ ಕೊಟ್ಟರು. ಊರ ದೊಡ್ಡ ಮನೆತನದ ಹೆಂಗಸೊಬ್ಬರು ಮಗಳ ಮದುವೆಯ ವಿಷಯವನ್ನು ಮೆಲ್ಲನೆ ವಿಚಾರಿಸಿದರು. ಕೊಪ್ಪರಿಗೆಗಳನ್ನು ಮಾತ್ರ ಮೊದಲಿನಂತೆ ಆಕೆಯೇ ತೊಳೆಯಬೇಕಿತ್ತು. ದರ್ಶನಕ್ಕೂ ಪಾತ್ರೆಗೂ ಸಂಬಂಧವಿಲ್ಲವೆಂದು ಮೊಕ್ತೇಸರರು ಸ್ಪಷ್ಟಪಡಿಸಿದ್ದರು.

ಮನೆಗೆ ಬಂದು ನಾನು ಇದನ್ನೆಲ್ಲ ಭಕ್ತಿಯಿಂದಲೇ ಬಣ್ಣಿಸಿದೆ. ಹೆಂಡತಿ ಬೆಂಡೆಕಾಯಿ ಹೆಚ್ಚುತ್ತ ಕೇಳುತ್ತಿದ್ದಳು.

"ಬೆವರಿದ್ಳಾ?"

"ಧಾರೆಯಾಗಿ."

"ಕೈ ನಡುಗಿತಾ? ಎದುರಿದ್ದವರ ಗುರ್ತ ಸಿಗ್ಲಿಲ್ವಾ? ಸೀಯಾಳ ಕುಡಿದ ಮೇಲೆ ಸರಿ ಆಯ್ತಾ?"

"ಹೌದು, ಹೌದು."

"ಹಾಗಾದ್ರೆ ಆ ಏಕಾದಶಿ ದಿನ ನಿಮ್ಮ ಮೈಮೇಲೆ ಬಂದದ್ದು ಯಾವ ದೇವಿ?"

ದೇವಿ ಯಾರ ಮೈಮೇಲೂ ಬರುವುದಿಲ್ಲವೆಂದು ಹೇಳುವವನು ನಾನಲ್ಲ. ಜಗನ್ಮಾತೆಗೆ ಎಲ್ಲಿ ಬರಬೇಕು, ಯಾವಾಗ ಬರಬೇಕೆಂದು ನಿರ್ದೇಶಿಸುವ ಅಧಿಕಾರ ಯಾವ ಪಂಡಿತನಿಗೂ ಇಲ್ಲ. ಆದರೆ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಇರುವವರನ್ನೇ ಹುಡುಕಿಕೊಂಡು, ಸರಿಯಾಗಿ ಹನ್ನೊಂದು ಗಂಟೆ ಕಳೆದ ಮೇಲೆ ಅವಳು ಬರುವುದೇಕೆ ಎಂಬ ಸಂಶಯ ನನ್ನ ಜೇಬಿನ ಇರುವೆಯಂತೆ ಕಚ್ಚತೊಡಗಿತು.

ಮರುದಿನ ಬಾವಿಕಟ್ಟೆಯ ಬಳಿ ಆಕೆಯನ್ನು ಕಂಡೆ. ಕೊಪ್ಪರಿಗೆಯೊಳಗೆ ಅರ್ಧ ದೇಹವನ್ನಿಟ್ಟು ತಳ ಉಜ್ಜುತ್ತಿದ್ದಳು.

"ಅಲ್ಲ ಅಮ್ಮ, ಬೆಳಗ್ಗೆ ಎಂತ ತಿಂತೀ ನೀನು?"

"ಮಾತ್ರೆ," ಎಂದಿತು ಕೊಪ್ಪರಿಗೆ.

"ಮಾತ್ರೆಯ ಮೇಲೆ?"

"ಮಾತ್ರೆಯ ಮೇಲೆ ಇನ್ನೊಂದು ಮಾತ್ರೆ ಉಂಟು, ಪ್ರೆಶರಿಂದು."

"ನೋಡು, ನಿನಗೆ ಶುಕ್ರವಾರ ಬರುವುದು ಶುಗರ್ ಕಡಿಮೆ ಆಗುವುದರಿಂದ ಅಂತ ಕಾಣ್ತದೆ. ನನಗೂ ಒಮ್ಮೆ ಹಾಗೇ ಆಗಿತ್ತು."

ಆಕೆ ಕೊಪ್ಪರಿಗೆಯಿಂದ ತಲೆಯನ್ನು ಹೊರಗೆ ತೆಗೆದಳು. ನಗುತ್ತಿದ್ದಳು.

"ದೇವಿಯಾ ಶುಗರಾ ನಂಗೆ ಗೊತ್ತಿಲ್ಲ ಮಾಷ್ಟ್ರೇ. ಆಗುವಾಗ ನಂಗೆ ನಾನೇ ಗೊತ್ತಿರುದಿಲ್ಲ. ಆದ್ರೆ ಒಂದು ಉಂಟು. ದೇವಿ ಬಂದ್ರೆ ಬೊಂಡ ಸಿಗ್ತದೆ. ಶುಗರ್ ಬಂದ್ರೆ ಎಂತ ಸಿಗ್ತದೆ?"

ನಮ್ಮ ಕಡೆ ಸೀಯಾಳವನ್ನು ಬೊಂಡ ಎನ್ನುತ್ತಾರೆ. ನನ್ನ ತರ್ಕಶಾಸ್ತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಚಂದ್ರಶಾಲೆಗೆ ಮರಳಿದೆ.

ವಿಷಯ ಇಷ್ಟಕ್ಕೇ ನಿಂತಿದ್ದರೆ ಸೋಣ ತಿಂಗಳು ಸಾಗಿಹೋಗುತ್ತಿತ್ತೇನೊ. ಆದರೆ ದೇವಸ್ಥಾನಕ್ಕೆ ಹೊಸ ಅಡಿಗೆಮನೆ ಕಟ್ಟುವ ಕೆಲಸ ಅದೇ ಸಮಯದಲ್ಲಿ ಬಾಗಿಲ ಬಳಿ ಬಂದು ನಿಂತಿತ್ತು. ಬಾಗಿಲು ಎಲ್ಲಿ ಎಂಬುದೇ ಪ್ರಶ್ನೆ. ಊರಿನ ಅರ್ಧ ಜನ ಪೂರ್ವಕ್ಕೆ ಎನ್ನುತ್ತಿದ್ದರು, ಇನ್ನರ್ಧ ಉತ್ತರಕ್ಕೆ. ಜೋಯಿಸರನ್ನು ಕರೆಸಿ ಕವಡೆಯ ಪ್ರಶ್ನೆ ಇಡಿಸುವುದೆಂದರೆ ಅದೊಂದು ದೊಡ್ಡ ಯಜ್ಞ. ಅಂಗಳದಲ್ಲೇ ದೇವಿ ಬರುತ್ತಿರುವಾಗ ಜೋಯಿಸರು ಏಕೆ ಎಂದು ಮೊಕ್ತೇಸರರು ಯೋಚಿಸಿದರು. ಮೂರನೆಯ ಶುಕ್ರವಾರ ಊರವರ ಸಮಕ್ಷಮದಲ್ಲಿ ದೇವಿಯನ್ನೇ ಕೇಳುವುದೆಂದು ತೀರ್ಮಾನವಾಯಿತು. ಅದಕ್ಕೆ ತಕ್ಕ ವ್ರತವೂ ನಿಶ್ಚಯವಾಯಿತು. ಗುರುವಾರ ರಾತ್ರಿಯ ಊಟವಿಲ್ಲ. ಮರುದಿನ ನೀರು ಮಾತ್ರ.

"ಬೊಂಡವೂ ಉತ್ತರ ಸಿಕ್ಕಿದ ಮೇಲೆಯೇ," ಎಂದರು ಮೊಕ್ತೇಸರರು ನನ್ನ ಬಳಿ, ತಮ್ಮ ಜಾಣತನಕ್ಕೆ ತಾವೇ ಮೆಚ್ಚಿಕೊಂಡು. "ಕುಡಿದ ಕೂಡಲೇ ದೇವಿ ಹೋಗಿಬಿಡ್ತಾಳೆ ಮಾರಾಯ. ಈ ಸಲ ಬಾಗಿಲು ಯಾವ ಕಡೆ ಅಂತ ಹೇಳುವ ತನಕ ಬಿಡ್ಲಿಕ್ಕಿಲ್ಲ."

ಪೂರ್ವದವರೂ ಉತ್ತರದವರೂ ಒಪ್ಪುವ ಉತ್ತರವೊಂದು ಸಿಗುವ ತನಕ ಆಕೆ ನಡುಗುತ್ತ ಕುಳಿತಿರಬೇಕೆಂದರೆ, ನಮ್ಮ ಊರವರನ್ನು ಬಲ್ಲ ನಾನು ಅದರ ಅಂತ್ಯವನ್ನು ಊಹಿಸಬಲ್ಲವನಾಗಿದ್ದೆ. ಆ ವಾರವೇ ಮಾತ್ರೆಗೆಂದು ಹೋದಾಗ ಸಿಸ್ಟರನ್ನು ಕೇಳಿಯೂ ಇದ್ದೆ. ಅವರು ನಗಲಿಲ್ಲ.

"ಮಾತ್ರೆ ತಿಂದು ಅನ್ನ ತಿನ್ನದಿದ್ದರೆ ಒಂದು ದಿನ ಬಿದ್ದವರು ಏಳ್ಲಿಕ್ಕಿಲ್ಲ ಮಾಷ್ಟ್ರೇ. ಜೀವಕ್ಕೇ ಅಪಾಯ. ಶುಕ್ರವಾರ ಮಧ್ಯಾಹ್ನ ನಾನೇ ಬರ್ತೇನೆ. ಅಲ್ಲಿಯ ತನಕ ಅವರನ್ನು ಉಪವಾಸ ಕೂರಿಸ್ಬೇಡಿ."

ಮೊಕ್ತೇಸರರ ಎದುರು ನಾನು ಶಾಸ್ತ್ರದ ಮಾತನ್ನೇ ಎತ್ತಿದೆ. ರೋಗಿಗೆ ಉಪವಾಸ ವಿಧಿಸಿಲ್ಲವೆಂದೆ. ಅನ್ನವನ್ನು ಕೊಡುವ ತಾಯಿ ಹಸಿದವಳನ್ನು ಪೀಠ ಮಾಡಿಕೊಳ್ಳುವಳೇ ಎಂದೆ. ಅವರು ತಲೆದೂಗಿದರು, ನನ್ನ ಪ್ರವಚನಕ್ಕೂ ಅವರು ಹಾಗೆಯೇ ತಲೆದೂಗುತ್ತಾರೆ, ಏನನ್ನೂ ಬದಲಿಸುವುದಿಲ್ಲ. ಕೊನೆಗೆ, ಆಕೆಗೆ ನಡುಕ ಬಂದಾಗ ನಮ್ಮ ಮನೆಯ ಯಂತ್ರದಿಂದ ಬೆರಳು ಚುಚ್ಚಿ ನೋಡೋಣ ಎಂದೆ.

"ಎಂತ ಹೇಳ್ತಿ! ದೇವಿಯ ಮೈಯಿಂದ ರಕ್ತ ತೆಗೆಯುವುದಾ? ಅದೂ ಅಂಗಳದ ಒಳಗೆ? ಒಂದು ಹನಿ ಬಿದ್ದರೆ ಪುಣ್ಯಾಹ ಆಗ್ಬೇಕು, ಕಲಶ ಆಗ್ಬೇಕು. ಶಾಸ್ತ್ರ ಓದಿದವ ನೀನು, ನಾನು ಹೇಳಿಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ರಕ್ತದ ವಿಷಯದಲ್ಲಿ ಶಾಸ್ತ್ರ ಅವರ ಪಕ್ಷದಲ್ಲಿತ್ತು.

ಗುರುವಾರ ಸಂಜೆ ಆಕೆಯ ಮನೆಯ ಅಂಗಳದಲ್ಲಿ ನಿಂತು ಕೊನೆಯ ಪ್ರಯತ್ನ ಮಾಡಿದೆ. ಬೆಳಗ್ಗೆ ಬರುವ ಮೊದಲು ಯಾರಿಗೂ ಕಾಣದ ಹಾಗೆ ನಾಲ್ಕು ತುತ್ತು ಗಂಜಿ ಉಣ್ಣು ಎಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು.

"ಕದ್ದು ತಿಂದ್ರೆ ದೇವಿಗೆ ಮೋಸ ಅಲ್ವಾ? ಹೋದ ಮಂಗಳವಾರ ನೀವೇ ಹೇಳಿದ್ರಿ, ವ್ರತದಲ್ಲಿ ಕದ್ದು ತಿಂದವಳು ಮರುಜನ್ಮದಲ್ಲಿ ಬೆಕ್ಕು ಆದದ್ದು. ನಾನು ಬಾವಿಕಟ್ಟೆಯಿಂದ ಕೇಳಿದ್ದೇನೆ."

"ಅದು ಕಥೆ. ಹಾಗಾದ್ರೆ ನಾಳೆ ಒಂದು ದಿನ ಮಾತ್ರೆ ಬಿಡು. ಅನ್ನ ಇಲ್ಲದೆ ಮಾತ್ರೆ ಅಪಾಯ ಅಂತ ಸಿಸ್ಟರೇ ಹೇಳಿದ್ದಾರೆ."

"ಸಿಸ್ಟರ್ ನನ್ನ ಹತ್ರ ಹೇಳಿದ್ದು ಒಂದು ದಿನವೂ ಬಿಡ್ಬೇಡ ಅಂತ. ಕಳೆದ ವರ್ಷ ಬಿಟ್ಟದ್ದಕ್ಕೆ ಕಾಲಿನ ಹುಣ್ಣು ಒಣಗ್ಲೇ ಇಲ್ಲ. ನಿಮ್ಮ ಹತ್ರ ಬೇರೆ ಹೇಳಿದ್ರಾ?"

ಸಿಸ್ಟರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರು ವ್ಯಾಪ್ತಿಯ ಹೊರಗಿದ್ದಾರೆಂದು ಒಂದು ಹೆಣ್ಣುದನಿ ಮಲಯಾಳದಲ್ಲಿ ಬಹಳ ವಿನಯದಿಂದ ತಿಳಿಸಿತು. ಇಬ್ಬರು ಗುರುಗಳ ಮಾತನ್ನೂ ಮೀರದ ಶಿಷ್ಯೆಯ ಎದುರು ನಿಂತು, ನನ್ನ ಪ್ರವಚನವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಈ ಊರಿನಲ್ಲಿ ಇವಳೊಬ್ಬಳೇ ಎಂಬುದನ್ನು ಅರಿತೆ. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹೊರಡುವಾಗ ಆಕೆ ಮೆಲ್ಲಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಒಂದೇ ದಿನ ಅಲ್ವಾ ಮಾಷ್ಟ್ರೇ. ಊರೆಲ್ಲ ನಿಂತಿರ್ತದೆ, ನಾನು ಕೂತಿರ್ತೇನೆ. ಹಾಗೆ ಯಾವಾಗ ಆಗಿತ್ತು?"

ಶುಕ್ರವಾರ ಬೆಳಗ್ಗೆ ಮಾತ್ರೆ ನುಂಗಿ ದೋಸೆಯ ಎದುರು ಕುಳಿತದ್ದಷ್ಟೆ, ಮೊಕ್ತೇಸರರ ಕಡೆಯಿಂದ ಜನ ಬಂತು. ಊರು ಸೇರಿಯಾಗಿದೆ, ಪಾರಾಯಣ ಬೇಗನೆ ಆರಂಭವಾಗಬೇಕಂತೆ. ಆಕೆಯ ಯೋಚನೆಯಲ್ಲೇ ಮುಳುಗಿದ್ದ ನಾನು ಎದ್ದು ಹೊರಟೆ. ದೋಸೆ ತಟ್ಟೆಯಲ್ಲೇ ಉಳಿಯಿತು. ಹೆಂಡತಿ ಹೂವು ಕಟ್ಟಲೆಂದು ಮೊದಲೇ ದೇವಸ್ಥಾನಕ್ಕೆ ಹೋಗಿದ್ದುದರಿಂದ ತಡೆಯುವವರು ಇರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಕೂರಬಾರದೆಂದು ವಾರವಿಡೀ ಊರಿಗೆ ಉಪದೇಶ ಮಾಡಿದವನು, ಅಂಗಿಯನ್ನೂ ಬೆಲ್ಲವನ್ನೂ ಇರುವೆಗಳನ್ನೂ ಹೊರಗಿನ ಗೂಟಕ್ಕೆ ಸಿಕ್ಕಿಸಿ, ಖಾಲಿ ಹೊಟ್ಟೆಯಲ್ಲಿ ಹೋಗಿ ಕುಳಿತೆ.

ಅಂಗಳ ತುಂಬಿತ್ತು. ಪೂರ್ವದವರು ಪೂರ್ವಕ್ಕೆ, ಉತ್ತರದವರು ಉತ್ತರಕ್ಕೆ ನಿಂತಿದ್ದರು. ನಡುವೆ ಮಣೆಯ ಮೇಲೆ ಕೆಂಪು ಸೀರೆಯುಟ್ಟು ಆಕೆ. ಎದುರಿಗೆ ದೀಪ, ದೀಪದ ಪಕ್ಕದಲ್ಲಿ ಮುಖ ಕೆತ್ತಿ ಸಿದ್ಧವಾಗಿಟ್ಟ ಸೀಯಾಳ. ನನ್ನ ಪಾರಾಯಣ ಮುಗಿಯುವ ಹೊತ್ತಿಗೆ ಆಕೆಯ ಹಣೆಯಲ್ಲಿ ಬೆವರು ಮೂಡಿತು, ಭುಜ ಅದುರಿತು. ಗಂಟೆ ಬಾರಿಸಿದರು.

"ಅಮ್ಮಾ, ಅಪ್ಪಣೆ ಆಗ್ಬೇಕು," ಎಂದು ಮೊಕ್ತೇಸರರು ಕೈಮುಗಿದರು. "ಅಡಿಗೆಮನೆಯ ಬಾಗಿಲು ಪೂರ್ವಕ್ಕಾ, ಉತ್ತರಕ್ಕಾ?"

ಆಕೆಯ ಕೈ ಎತ್ತಲೋ ಎದ್ದು ಬಿತ್ತು.

"ಪೂರ್ವಕ್ಕೆ ತೋರಿಸಿದ್ದು!" ಎಂದರು ಪೂರ್ವದವರು.

"ಬಿದ್ದದ್ದು ಉತ್ತರಕ್ಕೆ!" ಎಂದರು ಉತ್ತರದವರು.

"ಅದು ಎತ್ತಿದ್ದು ಲೆಕ್ಕವಾ, ಬಿದ್ದದ್ದಾ?"

ಚರ್ಚೆ ಬೆಳೆಯಿತು. ಆಕೆಯ ತುಟಿ ಬಿಳಿಚಿತ್ತು, ಕಣ್ಣು ತೇಲುತ್ತಿತ್ತು, ಮುಂದಿದ್ದ ಸೀಯಾಳ ದೀಪದ ಬೆಳಕಿನಲ್ಲಿ ಶಾಂತವಾಗಿ ಹೊಳೆಯುತ್ತಿತ್ತು. ಇನ್ನು ತಡೆಯಲಾರದೆ ನಾನು ಎದ್ದುನಿಂತೆ. "ಮೊದಲು ಕುಡಿಯಲು ಕೊಡಿ" ಎಂದು ಹೇಳಬೇಕೆಂದಿದ್ದೆ. ನಾಲಿಗೆ ಹೊರಳಲಿಲ್ಲ. ಒಬ್ಬ ಮೊಕ್ತೇಸರರಿದ್ದಲ್ಲಿ ಇಬ್ಬರು ಕಂಡರು. ಬೆನ್ನಿನ ಮೇಲೆ ಬೆವರು ಹರಿಯಿತು. ಮೊಣಕಾಲುಗಳು ನನ್ನ ಅಪ್ಪಣೆಗೆ ಕಾಯದೆ ಕುಸಿದವು.

ಆಮೇಲೆ ನಡೆದದ್ದನ್ನು ಹೆಂಡತಿ ಎಷ್ಟು ಬಾರಿ ಅಭಿನಯಿಸಿ ತೋರಿಸಿದ್ದಾಳೆಂದರೆ, ನನಗೆ ನೆನಪಿರುವುದು ಯಾವುದು, ಅವಳು ಹೇಳಿದ್ದು ಯಾವುದೆಂದು ಬೇರ್ಪಡಿಸಲಾರೆ. ನಾನು ಬೀಳುತ್ತಲೇ ಇಡೀ ಅಂಗಳ ಒಂದೇ ಸ್ವರದಲ್ಲಿ ಕೂಗಿತಂತೆ: "ಶುಗರ್! ಮಾಷ್ಟ್ರಿಗೆ ಶುಗರ್ ಕಡಿಮೆ ಆಯ್ತು!" ಒಬ್ಬನೂ ಗಂಟೆ ಬಾರಿಸಲಿಲ್ಲ. ಒಬ್ಬನೂ ಕೈಮುಗಿಯಲಿಲ್ಲ. ಪೂರ್ವದವರು ಪಂಚಕಜ್ಜಾಯ ತಂದರು, ಉತ್ತರದವರು ಬಾಳೆಹಣ್ಣು ತಂದರು. ಒಬ್ಬರು ಕಾರು ತಿರುಗಿಸಿ ನಿಲ್ಲಿಸಿದರು, ಇನ್ನೊಬ್ಬರು ಕಾಸರಗೋಡಿನ ಆಸ್ಪತ್ರೆಗೆ ಫೋನು ಹಚ್ಚಿದರು. ಮೊಕ್ತೇಸರರು ಕೈಗೆ ಸಿಕ್ಕಿದ ಮೊದಲ ವಸ್ತುವನ್ನು, ಅಂದರೆ ದೇವಿಗೆಂದು ಕೆತ್ತಿಟ್ಟ ಅದೇ ಸೀಯಾಳವನ್ನು ಎತ್ತಿ ನನ್ನ ಬಾಯಿಗೆ ಹಿಡಿದರು.

ಎರಡು ಗುಟುಕು ಒಳಗೆ ಹೋಗಿರಬೇಕು. ಮಣೆಯ ಕಡೆಯಿಂದ ತಡವರಿಸುವ, ಆದರೆ ಎಲ್ಲರಿಗೂ ಕೇಳುವಂಥ ಒಂದು ಸ್ವರ ಬಂತು.

"ಮಾಷ್ಟ್ರಿಗೆ ಬಂದ್ರೆ ಶುಗರ್. ನಂಗೆ ಬಂದ್ರೆ ದೇವಿಯಾ?"

ಆಕೆ ನಡುಗುತ್ತಲೇ ಇದ್ದಳು. ದೃಷ್ಟಿ ಮಾತ್ರ ಸೀಯಾಳದ ಮೇಲಿತ್ತು.

"ಅದು ನನ್ನ ಬೊಂಡ," ಎಂದಳು.

ಮೊದಲು ನಕ್ಕವಳು ನನ್ನ ಹೆಂಡತಿ. ನಗುತ್ತಲೇ ಜನರನ್ನು ಸರಿಸಿಕೊಂಡು ಬಂದು, ಗಂಡನ ಬಾಯಿಯಿಂದ ಸೀಯಾಳ ಕಿತ್ತು ಆಕೆಯ ಬಾಯಿಗೆ ಹಿಡಿದಳು.

"ಪ್ರಶ್ನೆ ಇನ್ನೂ..." ಎಂದು ಮೊಕ್ತೇಸರರು ತೊದಲಿದರು.

"ಪ್ರಶ್ನೆ ಅಲ್ಲೇ ಇರ್ಲಿ, ಅದಕ್ಕೆ ಹಸಿವಾಗುದಿಲ್ಲ. ಇನ್ನೊಂದು ಬೊಂಡ ಕೆತ್ತಿಸಿ!"

ಮೊಕ್ತೇಸರರು ಒಂದು ಕೈಯಲ್ಲಿ ಗಂಟೆ ಹಿಡಿದು ಆಕೆಯ ಮುಖವನ್ನೂ ನನ್ನ ಮುಖವನ್ನೂ ಹಲವು ಸಲ ನೋಡಿದರಂತೆ. ಒಂದೇ ಬೆವರು, ಒಂದೇ ನಡುಕ. ನನ್ನ ಶ್ಲೋಕಗಳಿಗೆ ಸಾಧ್ಯವಾಗದ್ದನ್ನು ನನ್ನ ಮೊಣಕಾಲು ಸಾಧಿಸಿತ್ತು. ಅವರು ಗಂಟೆಯನ್ನು ಕೆಳಗಿಟ್ಟು, ಕತ್ತಿಯನ್ನು ತಾವೇ ಕೈಗೆತ್ತಿಕೊಂಡು ಎರಡನೆಯ ಸೀಯಾಳ ಕೆತ್ತಿದರು.

ಸ್ವಲ್ಪ ಚೇತರಿಸಿಕೊಂಡ ಮೇಲೆ ನಮ್ಮಿಬ್ಬರನ್ನೂ ಹೊರಬಾಗಿಲಿನ ಆಚೆಯ ಮೆಟ್ಟಿಲಲ್ಲಿ, ಅಂಗಿಗಳ ಗೂಟದ ಕೆಳಗೆ, ಅಕ್ಕಪಕ್ಕದಲ್ಲಿ ಕೂರಿಸಿದರು. ಅಲ್ಲಿ ರಕ್ತ ಬಿದ್ದರೆ ಪುಣ್ಯಾಹದ ಅಗತ್ಯವಿಲ್ಲವೆಂದು ನಾನೇ ನಿರ್ಣಯ ಕೊಟ್ಟೆ. ಹೆಂಡತಿ ಬೆಳಗ್ಗೆಯೇ ಚೀಲದಲ್ಲಿ ಹಾಕಿ ತಂದಿದ್ದ ಯಂತ್ರ ತೆಗೆದು ಮೊದಲು ಆಕೆಯ ಬೆರಳು, ಸೂಜಿ ಬದಲಿಸಿ ಅನಂತರ ನನ್ನ ಬೆರಳು ಚುಚ್ಚಿದಳು. ಊರೆಲ್ಲ ಬಗ್ಗಿ ನೋಡುತ್ತಿತ್ತು.

"ಎಷ್ಟುಂಟು? ಎಷ್ಟುಂಟು?"

"ಇಬ್ಬರೂ ಫೇಲು," ಎಂದಳು ಹೆಂಡತಿ. "ಇಷ್ಟು ಕುಡಿದ ಮೇಲೂ ಫೇಲು."

ಹೇಳಿದಂತೆ ಮಧ್ಯಾಹ್ನಕ್ಕೆ ಸ್ಕೂಟರಿನಲ್ಲಿ ಬಂದಿಳಿದ ಸಿಸ್ಟರ್, ಮೊದಲು ಮೊಕ್ತೇಸರರನ್ನೂ ಆಮೇಲೆ ನನ್ನನ್ನೂ ಯಾವ ಭೇದಭಾವವಿಲ್ಲದೆ ಗದರಿಸಿದರು. ಆಕೆಯನ್ನು ಗದರಿಸಲಿಲ್ಲ. ಪಕ್ಕದಲ್ಲಿ ಕುಳಿತು, ಇಷ್ಟು ದಿನ "ಊಟಕ್ಕೆ ಮೊದಲು" ಎಂದು ಹೇಳುವಾಗ ಊಟ ಯಾವಾಗ ಎಂದು ಕೇಳಬೇಕಿತ್ತೆಂದು ಮೆಲ್ಲಗೆ ಹೇಳಿದರು. ಮಾತ್ರೆಯ ವಿಷಯವನ್ನು ಡಾಕ್ಟರ ಬಳಿ ಮಾತಾಡುವೆನೆಂದೂ, ತುತ್ತು ಎದುರಿಗೆ ಬರುವ ತನಕ ಮಾತ್ರೆ ಮುಟ್ಟಬಾರದೆಂದೂ ಹೊಸ ಉಪದೇಶವಾಯಿತು.

"ಆದ್ರೆ ತುತ್ತು ಬರುವುದು ಮೂರು ಗಂಟೆಗೆ," ಎಂದಳು ಆಕೆ.

ನಮ್ಮ ದೇವಿಗೆ ಬೆಳಗಿನ ಉಷಃಪೂಜೆಯಲ್ಲಿ ಒಂದು ಸೇರಕ್ಕಿಯ ನೈವೇದ್ಯವಿದೆ. ಹಿಂದಿನಿಂದ ಅದು ಮೊಕ್ತೇಸರರ ಮನೆಗೆ ಹೋಗುವ ಮರ್ಯಾದೆ. ಅವರು ಆಕಾಶ ನೋಡುತ್ತ ಹೇಳಿದರು:

"ಬೆಳಗ್ಗಿನ ನೈವೇದ್ಯ ಇನ್ನು ಇಲ್ಲೇ ಇರ್ಲಿ. ಅಂಗಳಕ್ಕೆ ಹಿಡಿಸೂಡಿ ತಾಗುವ ಮೊದಲು ಅಮ್ಮ ಉಣ್ಣಲಿ. ದೇವಿ ಉಂಡ ಮೇಲೆಯೇ ಉಂಡ ಹಾಗೂ ಆಯ್ತು. ನನಗೂ ಸ್ವಲ್ಪ ಹೊಟ್ಟೆ ಇಳಿಲಿ."

ಯಾವ ನಿಯಮವೂ ಮುರಿಯಲಿಲ್ಲ. ಆಕೆಯ ಹಸಿವು ಮಾತ್ರ ಮುರಿಯಿತು. ಇಂಥ ಶಾಸ್ತ್ರನಿರ್ಣಯ ನನಗೇಕೆ ಹೊಳೆಯಲಿಲ್ಲವೆಂದು ನಾನು ಇಂದಿಗೂ ಅಸೂಯೆಪಡುತ್ತೇನೆ.

ಪೂರ್ವದವರು ಸುಮ್ಮನಿರಬೇಕಲ್ಲ. ಆಕೆ ಏಳುವಾಗ ಒಬ್ಬರು ಹಿಂದಿನಿಂದ ಕೇಳಿಯೇಬಿಟ್ಟರು: "ಹಾಗಾದ್ರೆ ಬಾಗಿಲು ಯಾವ ಕಡೆಗೆ?" ಆಗ ಆಕೆಯ ಕೈ ನಡುಗುತ್ತಿರಲಿಲ್ಲ.

"ಎಲ್ಲಿಯಾದ್ರೂ ಇಡಿ. ಅನ್ನ ಬೇಗ ಹೊರಗೆ ಬರ್ಲಿ."

ಅದು ಯಾರ ಅಪ್ಪಣೆ ಎಂದು ನಾನು ವಿಮರ್ಶಿಸಲು ಹೋಗುವುದಿಲ್ಲ. ಬಾಗಿಲು ಬಾವಿಕಟ್ಟೆಯ ಕಡೆಗೆ ಬಂತು. ಅಲ್ಲಿಂದ ಪಾತ್ರೆ ತೊಳೆಯುವ ಕಲ್ಲಿಗೆ ನಾಲ್ಕು ಹೆಜ್ಜೆ.

ದರ್ಶನ ಮತ್ತೆ ಬರಲಿಲ್ಲ. "ಅಮ್ಮ" ಎಂಬ ಕರೆ ಉಳಿಯಿತು. ನಾಲಿಗೆಗೆ ಒಮ್ಮೆ ಹತ್ತಿದ್ದನ್ನು ಇಳಿಸುವ ಉಪಾಯ ಯಾರಿಗೂ ತಿಳಿಯಲಿಲ್ಲ. ಮಣೆಯೂ ಉಳಿಯಿತು, ಅದರ ಮೇಲೆ ಕುಳಿತು ಆಕೆ ಬೆಳಗಿನ ಅನ್ನ ಉಣ್ಣುತ್ತಾಳೆ. ಮೊಕ್ತೇಸರರಿಗೆ ಮಾತ್ರ ಪೂರ್ತಿ ನಂಬಿಕೆ ಹೋಗಿಲ್ಲ. ಪ್ರತಿ ಶುಕ್ರವಾರ ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಸೀಯಾಳ ಕೆತ್ತಿಸಿಕೊಂಡು, ಏನೂ ಗೊತ್ತಿಲ್ಲದವರಂತೆ ಬಾವಿಕಟ್ಟೆಯ ಕಡೆಗೆ ಸುಳಿಯುತ್ತಾರೆ. ಮೊನ್ನೆಯೂ ಬಂದರು.

"ಇವತ್ತೂ ಬರ್ಲಿಲ್ವಾ ಅಮ್ಮ?"

"ಬಂದಿದ್ದಾಳೆ," ಎಂದಳು ಆಕೆ, ಕೊಪ್ಪರಿಗೆಯಿಂದ ತಲೆಯೆತ್ತದೆ. "ಬೆಳಗ್ಗೆಯೇ ಬಂದು, ಉಂಡು, ಒಳಗೆ ಮಲಗಿದ್ದಾಳೆ. ಎಬ್ಬಿಸ್ಬೇಡಿ."

ಕೆತ್ತಿದ ಸೀಯಾಳವನ್ನು ಹಿಂದೆ ಒಯ್ಯುವುದು ಹೇಗೆ? ಮೊಕ್ತೇಸರರು ಅದನ್ನು ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಇಟ್ಟು ಹೋದರು. ಆಕೆ ಕೈ ತೊಳೆದುಕೊಂಡು ಅದನ್ನೆತ್ತಿ ನಿಧಾನವಾಗಿ ಕುಡಿದಳು. ಕುಡಿದು, ಚಂದ್ರಶಾಲೆಯಲ್ಲಿ ಗ್ರಂಥ ಬಿಚ್ಚಿ ಬರಿಮೈಯಲ್ಲಿ ಕುಳಿತಿದ್ದ ನನ್ನ ಕಡೆಗೆ ತಿರುಗಿ, ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು:

"ಮಾಷ್ಟ್ರೇ, ದೋಸೆ ಆಯ್ತಾ?"